ಪ್ರಾಕ್ಟೀಸ್‌ನಲ್ಲಿ ಇಳಿದ ಶುಗರ್, ಮ್ಯಾಚ್‌ನಲ್ಲಿ ಏರಿದ ಶುಗರ್: ಕೊಡಗಿನ ಹಾಕಿ ಆಟಗಾರ್ತಿಯೊಬ್ಬಳ ಪ್ರಕರಣ

ದಕ್ಷಿಣ ಕೊಡಗಿನ 20 ವರ್ಷದ ಹುಡುಗಿ. ಬಿ.ಕಾಂ. ಓದುತ್ತಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ಹಾಕಿಯಲ್ಲಿ ಫಾರ್ವರ್ಡ್, ಬಲಗಡೆ ವಿಂಗ್. ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದಳು, ರಾಜ್ಯ ತಂಡದ ಕ್ಯಾಂಪ್‌ಗೆ ಕರೆ ಬರುವ ಹಂತದಲ್ಲಿದ್ದಳು. ಊರಿಗೆ ಬಂದರೆ ಕುಟುಂಬದ ತಂಡಕ್ಕೂ ಆಡುತ್ತಾಳೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಇಳಿಯುತ್ತಾರೆ. ಅಪ್ಪ, ಚಿಕ್ಕಪ್ಪ, ಅಣ್ಣಂದಿರ ಜೊತೆ ಆಡಿ ಬೆಳೆದ ಹುಡುಗಿ ಇವಳು. ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಇಂಥವಳಿಗೆ "ಆಟ ಬಿಟ್ಟುಬಿಡು" ಅಂತ ಹೇಳುವುದು ಸಣ್ಣ ಮಾತಲ್ಲ.

ಈ ಪ್ರಕರಣವನ್ನು ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ. ಇಲ್ಲಿರುವ ಡೋಸ್‌ಗಳು ಅವಳ ದೇಹಕ್ಕೆ ಹೊಂದಿದವು. ಬೇರೆಯವರು ಅವನ್ನು ಹಾಗೇ ಎತ್ತಿಕೊಳ್ಳಬಾರದು. ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ.

ಮಳೆಗಾಲದಲ್ಲಿ ಬಾಯಾರಿಕೆ

ಶುರುವಾಗಿದ್ದು ಜುಲೈನಲ್ಲಿ. ಕೊಡಗಿನ ಜುಲೈ ಹೇಗಿರುತ್ತದೆ ಅಂತ ಗೊತ್ತಲ್ವಾ? ಹಗಲೂ ರಾತ್ರಿ ಮಳೆ, ಬಟ್ಟೆ ಒಣಗಲ್ಲ, ನೀರು ಕುಡಿಯಬೇಕು ಅಂತಲೇ ಅನ್ನಿಸಲ್ಲ. ಅಂಥ ಚಳಿಯಲ್ಲಿ ಇವಳು ರಾತ್ರಿ ಮೂರು ನಾಲ್ಕು ಸಲ ಎದ್ದು ನೀರು ಕುಡಿಯುತ್ತಿದ್ದಳು. ಅಷ್ಟೇ ಸಲ ಮೂತ್ರಕ್ಕೂ ಹೋಗುತ್ತಿದ್ದಳು. ಜೊತೆಯ ಹುಡುಗಿಯರು ಗಮನಿಸಿದ್ದರು. ಆದರೆ ಆಟಗಾರ್ತಿ ಜಾಸ್ತಿ ನೀರು ಕುಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ತಿಂಗಳಲ್ಲಿ ಏಳು ಕಿಲೋ ಇಳಿದಳು. ಫಿಟ್‌ನೆಸ್ ಬಂತು ಅಂತ ಎಲ್ಲರೂ ಹೊಗಳಿದರು. ಮೂರನೇ ಕ್ವಾರ್ಟರ್ ಹೊತ್ತಿಗೆ ಕಾಲು ಹಿಡಿದುಕೊಳ್ಳಲು ಶುರುವಾದಾಗ, ಸರಿಯಾಗಿ ತಿನ್ನುತ್ತಿಲ್ಲ ಅಂತ ಕೋಚ್ ಬೈದರು.

ಅವ್ವ ಒತ್ತಾಯ ಮಾಡಿ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಊಟದ ನಂತರದ ಶುಗರ್ 338 ಬಂತು. ಅಜ್ಜನಿಗೆ ಶುಗರ್ ಇತ್ತು ಅಂತ ಕೇಳಿದ ಮೇಲೆ, ಇದೂ ಅದೇ ಇರಬೇಕು ಅಂತ ಮಾತ್ರೆ ಬರೆದುಕೊಟ್ಟರು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸಣ್ಣ ವಯಸ್ಸು, ತೆಳ್ಳಗಿನ ಮೈ, ವಾರಗಳಲ್ಲಿ ಇಳಿದ ತೂಕ, ತಡೆಯಲಾಗದ ಬಾಯಾರಿಕೆ. ಈ ನಾಲ್ಕೂ ಒಟ್ಟಿಗೆ ಕಂಡರೆ ಟೈಪ್ 1 ಡಯಾಬಿಟಿಸ್ ಅಂತ ಮೊದಲು ಯೋಚಿಸಬೇಕು, ಮನೆಯಲ್ಲಿ ಯಾರಿಗೆ ಏನೇ ಇರಲಿ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಇನ್ಸುಲಿನ್ ತಯಾರಾಗುವುದೇ ನಿಲ್ಲುತ್ತಾ ಬರುತ್ತದೆ. ಮಾತ್ರೆ ಅಲ್ಲಿ ಏನೂ ಮಾಡಲಾರದು. ಅದೇ ದಿನ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಹುಟ್ಟುವ ಆಮ್ಲ) ನೋಡಿದ್ದರೆ ಸಾಕಿತ್ತು. ಅದನ್ನು ನೋಡುವ ಸ್ಟ್ರಿಪ್‌ಗಳು ಯಾವ ಸಣ್ಣ ಲ್ಯಾಬ್‌ನಲ್ಲೂ ಸಿಗುತ್ತವೆ.

ಐದನೇ ದಿನ ಹೊಟ್ಟೆನೋವು, ವಾಂತಿ, ಏದುಸಿರು. ಗ್ಯಾಸ್ಟ್ರಿಕ್ ಅಂದುಕೊಂಡು ಒಂದು ರಾತ್ರಿ ಕಾದರು. ನನ್ನ ಹತ್ತಿರ ಬಂದಾಗ ಶುಗರ್ 412, ಮೂತ್ರದಲ್ಲಿ ಕೀಟೋನ್ ಭರ್ತಿ, ಉಸಿರಿನಲ್ಲಿ ಹಣ್ಣಿನ ವಾಸನೆ. ಕೀಟೋಅಸಿಡೋಸಿಸ್, ಅಂದರೆ ಕೀಟೋನ್ ತುಂಬಿ ರಕ್ತದಲ್ಲಿ ಆಮ್ಲ ಏರುವ, ಜೀವಕ್ಕೆ ಅಪಾಯದ ಸ್ಥಿತಿ. ತಕ್ಷಣ ದಾಖಲು ಮಾಡಿಕೊಂಡೆವು. ಸಲೈನ್, ಇನ್ಸುಲಿನ್ ಡ್ರಿಪ್, ಪೊಟ್ಯಾಸಿಯಂ. ಮರುದಿನ ಸಂಜೆಗೆ ಕೀಟೋನ್ ಹೋಯಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 11.8 ಇತ್ತು. 6.5 ಮುಟ್ಟಿದರೇ ಡಯಾಬಿಟಿಸ್ ಅನ್ನುತ್ತೇವೆ. ಬೀಟಾ ಕೋಶಗಳ ಮೇಲಿನ ದಾಳಿಯ ಗುರುತಾದ ಜಿಎಡಿ ಆಂಟಿಬಾಡಿ ಪಾಸಿಟಿವ್, ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಅಂತ ತೋರಿಸುವ ಸಿ-ಪೆಪ್ಟೈಡ್ ತೀರಾ ಕಡಿಮೆ. ಟೈಪ್ 1 ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಮನೆಯವರ ಪ್ರಶ್ನೆ, ಅವಳ ಪ್ರಶ್ನೆ

ಅಪ್ಪ ಕೇಳಿದ್ದು, "ಡಾಕ್ಟ್ರೇ, ಒಂದು ಸಲ ಇನ್ಸುಲಿನ್ ಶುರು ಮಾಡಿದ್ರೆ ನಿಲ್ಲಿಸೋಕಾಗಲ್ವಂತೆ, ಹೌದಾ?" ಅವಳು ಕೇಳಿದ್ದು, "ಡಿಸೆಂಬರ್ ಟೂರ್ನಮೆಂಟ್‌ಗೆ ರೆಡಿ ಆಗ್ತೀನಾ?" ಅಜ್ಜಿ ಏನೂ ಕೇಳಲಿಲ್ಲ. ಹಾಗಲಕಾಯಿ ರಸ ಮಾಡಿಸಿ ಫ್ಲಾಸ್ಕ್‌ನಲ್ಲಿ ತಂದಿದ್ದರು.

ಅಪ್ಪನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಹೌದು, ನಿಲ್ಲಿಸೋಕಾಗಲ್ಲ. ಅವಳ ದೇಹ ತಯಾರಿಸದೇ ಇರುವುದನ್ನು ಹೊರಗಿನಿಂದ ಕೊಡುತ್ತಿದ್ದೇವೆ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಹಾಗಲಕಾಯಿ ರಸ ಕುಡಿಯಬೇಡ ಅಂತ ನಾನು ಹೇಳಲಿಲ್ಲ. ಅದನ್ನು ನಂಬಿ ಇನ್ಸುಲಿನ್ ತಪ್ಪಿಸಬೇಡ ಅಂತ ಅಜ್ಜಿಯ ಎದುರಿಗೇ ಹೇಳಿದೆ.

ಆಟ ಬೇಡವೇ ಬೇಡ ಅಂತ ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದರು. ಅವರಿಗೆ ಪಾಕಿಸ್ತಾನದ ಕ್ರಿಕೆಟ್ ಬೌಲರ್ ವಾಸಿಮ್ ಅಕ್ರಮ್ ಉದಾಹರಣೆ ಕೊಟ್ಟೆ. ಮಗಳಿಗೆ ಆ ಹೆಸರು ಅಷ್ಟು ಪರಿಚಯ ಇರಲಿಲ್ಲ, ಅಪ್ಪನಿಗೆ ಚೆನ್ನಾಗಿ ಗೊತ್ತು. ಅಕ್ರಮ್‌ಗೆ ಟೈಪ್ 1 ಅಂತ ಗೊತ್ತಾಗಿದ್ದು 1997ರಲ್ಲಿ. ಅದಾದ ಮೇಲೂ 1999ರ ವಿಶ್ವಕಪ್‌ನಲ್ಲಿ ತಂಡವನ್ನು ಫೈನಲ್‌ವರೆಗೆ ನಡೆಸಿದರು, 2003ರಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ತೆಗೆದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಗೊತ್ತಾಯಿತು. 2000ದಲ್ಲೂ 2004ರಲ್ಲೂ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಅಪ್ಪ ಅಲ್ಲೇ ಒಪ್ಪಲಿಲ್ಲ. ಆದರೆ ಬೇಡ ಅನ್ನುವುದನ್ನು ಬಿಟ್ಟು, ಯಾವಾಗ, ಹೇಗೆ ಅಂತ ಕೇಳತೊಡಗಿದರು.

ಮನೆಗೆ ಕಳಿಸುವಾಗ 52 ಕಿಲೋ ತೂಕ. ರಾತ್ರಿ ಹತ್ತಕ್ಕೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಗ್ಲಾರ್ಜಿನ್ 14 ಯೂನಿಟ್, ಮೂರು ಊಟಕ್ಕೂ ಮೊದಲು ಬೇಗ ಕೆಲಸ ಮಾಡುವ ಇನ್ಸುಲಿನ್ ಆಸ್ಪಾರ್ಟ್ 4ರಿಂದ 6 ಯೂನಿಟ್. ಶುಗರ್ 250 ದಾಟಿದರೆ 4 ಯೂನಿಟ್ ಹೆಚ್ಚುವರಿ ಅಂತ ಎಲ್ಲರಿಗೂ ಕೊಡುವ ಚಾರ್ಟ್ ಕೂಡ ಕೊಟ್ಟಿದ್ದೆವು. ಆ ಚಾರ್ಟ್ ಮನೆಯಲ್ಲಿರುವವರಿಗೆ ಸರಿ. ಆಡುವವರಿಗೆ ಬೇರೆ ಬೇಕು, ಮತ್ತು ಅದನ್ನು ಯಾವ ಡಾಕ್ಟರೂ ಮೊದಲೇ ಬರೆದಿಟ್ಟಿರಲು ಆಗುವುದಿಲ್ಲ. ಆಡುವವರ ನೋಟ್‌ಬುಕ್‌ನಿಂದಲೇ ಅದು ಹುಟ್ಟಬೇಕು. ಹಾಗಾಗಿ ಒಂದು ದಪ್ಪ ನೋಟ್‌ಬುಕ್ ಇಡಲು ಹೇಳಿದೆ. ಸಮಯ, ಶುಗರ್, ಏನು ತಿಂದಳು, ಎಷ್ಟು ಯೂನಿಟ್, ಏನು ಆಡಿದಳು.

ಕಡಂಬುಟ್ಟಿನ ಲೆಕ್ಕ

ಇನ್ಸುಲಿನ್ ಡೋಸ್ ಹಾಕಬೇಕಾದರೆ ಊಟದಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಅಂತ ಗೊತ್ತಿರಬೇಕು. ಸಿಗುವ ಪಟ್ಟಿಗಳಲ್ಲಿ ಇಡ್ಲಿ, ಚಪಾತಿ ಇರುತ್ತವೆ. ಕೊಡಗಿನ ಅಕ್ಕಿ ತಿಂಡಿಗಳಾದ ಕಡಂಬುಟ್ಟು, ಪಾಪುಟ್ಟು, ನೂಲ್‌ಪುಟ್ಟು ಯಾವ ಪಟ್ಟಿಯಲ್ಲಿವೆ? ಅವ್ವ ಇದಕ್ಕೆ ಒಂದು ದಾರಿ ಕಂಡುಕೊಂಡರು. ಹಸಿ ಅಕ್ಕಿತರಿಯಲ್ಲಿ 100 ಗ್ರಾಂಗೆ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಅಂತ ಹೇಳಿದ್ದೆ. ಅವರು ಕಾಲು ಕಿಲೋ ತರಿ ತೂಗಿ ಒಂದೇ ಅಳತೆಯ ಉಂಡೆ ಕಟ್ಟಿದರು. ಹದಿಮೂರು ಬಂದವು. ಅಂದರೆ ಒಂದು ಕಡಂಬುಟ್ಟಿಗೆ 15 ಗ್ರಾಂ. ಅಕ್ಕಿರೊಟ್ಟಿಗೂ ಹೀಗೇ ಮಾಡಿದರು. ಹಾಸ್ಟೆಲ್ ಊಟಕ್ಕೆ ಒಂದು ಬಟ್ಟಲು ಗೊತ್ತು ಮಾಡಿಕೊಂಡು ಅನ್ನವನ್ನು ಅದರಲ್ಲೇ ಅಳೆದಳು.

ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಬೇಕಾ ಅಂತ ಕೇಳಿದಾಗ ಬೇಡ ಅಂದೆ. ಮಾಂಸದಲ್ಲಿ ಸಕ್ಕರೆ ಏರಿಸುವ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಅದರ ಕೊಬ್ಬು ಹೊಟ್ಟೆಯನ್ನು ನಿಧಾನ ಮಾಡುತ್ತದೆ. ಜೊತೆಗೆ ತಿಂದ ಕಡಂಬುಟ್ಟಿನ ಸಕ್ಕರೆ ಎರಡು ಗಂಟೆಗೆ ಕಾಣದೆ ನಾಲ್ಕೈದು ಗಂಟೆ ಬಿಟ್ಟು ಏರುತ್ತದೆ. ಅಷ್ಟು ಹೊತ್ತಿಗೆ ಆಸ್ಪಾರ್ಟ್‌ನ ಕೆಲಸ ಮುಗಿದಿರುತ್ತದೆ. ಹಾಗಾಗಿ ಮ್ಯಾಚ್‌ನ ಹಿಂದಿನ ರಾತ್ರಿ ಮಾತ್ರ ಅದು ಬೇಡ ಅಂತ ನಿಶ್ಚಯ ಮಾಡಿದೆವು.

ಒಮ್ಮೆ ನೋಟ್‌ಬುಕ್‌ನಲ್ಲಿ 317 ಅಂತ ಇತ್ತು, ಹಿಂದೆ ಮುಂದೆ ಎಲ್ಲ 150ರ ಆಸುಪಾಸು. ವಿಚಾರಿಸಿದರೆ, ತೋಟದಲ್ಲಿ ಕಿತ್ತಳೆ ಸುಲಿದು ಹಾಗೇ ಬೆರಳು ಚುಚ್ಚಿದ್ದಳು. ಬೆರಳಿಗೆ ಅಂಟಿದ ರಸವನ್ನೂ ಗ್ಲುಕೋಮೀಟರ್ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು, ನೀರಲ್ಲಿ ಕೈ ತೊಳೆದು ಒರೆಸಿಯೇ ಚುಚ್ಚಬೇಕು. ಆ 317ಕ್ಕೆ ಇನ್ಸುಲಿನ್ ಹಾಕಿಕೊಂಡಿದ್ದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತಿತ್ತು.

ಮತ್ತೆ ಮೈದಾನಕ್ಕೆ

ಆಸ್ಪತ್ರೆಯಿಂದ ಹೋದ ಮೇಲೆ ಮೊದಲು ನಡಿಗೆ, ಆಮೇಲೆ ಸ್ಟಿಕ್ ಹಿಡಿದು ಸುಮ್ನೆ ಡ್ರಿಬಲ್. ಪೂರ್ತಿ ಪ್ರಾಕ್ಟೀಸ್‌ಗೆ ಇಳಿದಿದ್ದು ಸೆಪ್ಟೆಂಬರ್ ಕೊನೆಗೆ. ಸಂಜೆ ನಾಲ್ಕಕ್ಕೆ ಶುರು. ಆಗ 148 ಇದ್ದ ಶುಗರ್ ಮುಕ್ಕಾಲು ಗಂಟೆಯಲ್ಲಿ 71. ಇನ್ನೊಂದು ದಿನ 160ರಿಂದ 66. ಮಧ್ಯಾಹ್ನದ ಆಸ್ಪಾರ್ಟ್ ಇನ್ನೂ ರಕ್ತದಲ್ಲಿತ್ತು. ಜೊತೆಗೆ, ಕೆಲಸ ಮಾಡುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಎರಡೂ ಸೇರಿ ಇಳಿಸುತ್ತಿದ್ದವು.

ಮಧ್ಯಾಹ್ನದ ಡೋಸ್ ಕಾಲು ಭಾಗ ಇಳಿಸಿದೆವು. ಆಟದ ದಿನ ಇಂಜೆಕ್ಷನ್ ತೊಡೆಗೆ ಬೇಡ, ಹೊಟ್ಟೆಗೇ ಅಂತ ಹೇಳಿದೆ. ಓಡುವ ಕಾಲಿನಿಂದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ. ಶುರುವಿಗೆ 126ರಿಂದ 180ರ ನಡುವೆ ಇದ್ದರೆ ಇಳಿಯಬಹುದು. 90ಕ್ಕಿಂತ ಕಡಿಮೆ ಇದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್, ಏರಿದ ಮೇಲಷ್ಟೇ ಆಟ. 270ಕ್ಕಿಂತ ಜಾಸ್ತಿ ಇದ್ದರೆ ಕೀಟೋನ್ ನೋಡಬೇಕು, ಇದ್ದರೆ ಆ ದಿನ ಆಟ ಇಲ್ಲ. ಅರ್ಧ ಲೀಟರ್ ಬಾಟಲಿಗೆ 30 ಗ್ರಾಂ ಗ್ಲೂಕೋಸ್ ಪುಡಿ ಕಲಸಿ ಇಟ್ಟುಕೊಂಡಳು, ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು.

ಕೋಚ್ ಇಲ್ಲಿ ತುಂಬಾ ಸಹಾಯ ಮಾಡಿದರು. ಬೆಳಿಗ್ಗೆ ತಿಂಡಿಗೆ ಮೊದಲು, ಊಟದ ಇನ್ಸುಲಿನ್ ಇಲ್ಲದ ಹೊತ್ತಿನಲ್ಲಿ ಓಡಿದರೆ ಶುಗರ್ ಅಷ್ಟು ಬೀಳುವುದಿಲ್ಲ ಅಂತ ತಿಳಿದ ಮೇಲೆ, ಉದ್ದ ಓಟವನ್ನೆಲ್ಲ ಬೆಳಿಗ್ಗೆಗೆ ಹಾಕಿದರು. ಇಡೀ ತಂಡಕ್ಕೇ ಹಾಕಿದರು, ಅವಳೊಬ್ಬಳಿಗೆ ಅಂತ ಅನ್ನಿಸದ ಹಾಗೆ. ಲೋ ಆಗುವಾಗ, ಅಂದರೆ ಶುಗರ್ ತೀರಾ ಇಳಿಯುವಾಗ, ಅವಳಲ್ಲಿ ಮೊದಲು ಕಾಣುವುದು ನಡುಕ ಅಲ್ಲ, ಟ್ರ್ಯಾಪ್ (ಬರುವ ಬಾಲನ್ನು ಸ್ಟಿಕ್‌ನಲ್ಲಿ ತಡೆಯುವುದು) ತಪ್ಪುವುದು. ಇದನ್ನು ಕಂಡುಹಿಡಿದಿದ್ದೂ ಅವರೇ. ಸುಲಭದ ಬಾಲ್ ಸ್ಟಿಕ್‌ನಡಿ ಹೋದರೆ ತಕ್ಷಣ ಹೊರಗೆ ಕರೆಸುತ್ತಿದ್ದರು. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಬೇರೆ ಹಲವು ಆಟಗಳಲ್ಲಿ ಈ ಅನುಕೂಲ ಇಲ್ಲ.

ಅಕ್ಟೋಬರ್ ಕೊನೆಗೆ ಒಟ್ಟು ಇನ್ಸುಲಿನ್ ದಿನಕ್ಕೆ 28ರಿಂದ 18 ಯೂನಿಟ್‌ಗೆ ಇಳಿಯಿತು. ಕಾಯಿಲೆ ಹೋಗುತ್ತಿದೆ ಅಂತ ಮನೆಯಲ್ಲಿ ಸಂಭ್ರಮ. ಅಳಿದುಳಿದ ಬೀಟಾ ಕೋಶಗಳು ಚಿಕಿತ್ಸೆ ಸಿಕ್ಕ ಮೇಲೆ ಸ್ವಲ್ಪ ಕಾಲ ಚೇತರಿಸಿಕೊಳ್ಳುತ್ತವೆ. ಇದಕ್ಕೆ ನಾವು ಹನಿಮೂನ್ ಅವಧಿ ಅನ್ನುತ್ತೇವೆ. ಕೆಲವು ತಿಂಗಳು ಇರಬಹುದು, ಇನ್ನೂ ಹೆಚ್ಚೂ ಇರಬಹುದು. ಗ್ಲಾರ್ಜಿನ್ ಒಂದು ದಿನವೂ ಬಿಡಬಾರದು ಅಂತ ಮತ್ತೆ ಮತ್ತೆ ಹೇಳಬೇಕಾಯಿತು.

ಮ್ಯಾಚ್‌ನ ರಾತ್ರಿ

ಡಿಸೆಂಬರ್ ಟೂರ್ನಮೆಂಟ್‌ನ ಮೊದಲ ಮ್ಯಾಚ್. ಶುರುವಿಗೆ 158. ಪ್ರಾಕ್ಟೀಸ್‌ನಲ್ಲಿ ಬೀಳುತ್ತಲ್ಲ ಅಂತ ಅಪ್ಪ ಮೊದಲೇ ಒಂದು ಬಾಟಲಿ ಗ್ಲೂಕೋಸ್ ಕುಡಿಸಿದ್ದರು. ಅರ್ಧ ಆಟಕ್ಕೆ 254, ಮುಗಿದಾಗ 291. ಮೂತ್ರದಲ್ಲಿ ಕೀಟೋನ್ ಇರಲಿಲ್ಲ. ಅದೇ ಹುಡುಗಿ, ಅದೇ ಒಂದು ಗಂಟೆ ಓಟ. ಪ್ರಾಕ್ಟೀಸ್‌ನಲ್ಲಿ ಅರ್ಧಕ್ಕೆ ಇಳಿಯುವ ಶುಗರ್ ಮ್ಯಾಚ್‌ನಲ್ಲಿ ಹೆಚ್ಚುಕಡಿಮೆ ಎರಡರಷ್ಟಾಯಿತು.

ಗ್ಲೂಕೋಸ್ ಬಾಟಲಿಯೊಂದೇ ಇದಕ್ಕೆ ಕಾರಣ ಅಲ್ಲ. ಮ್ಯಾಚ್‌ನ ಉದ್ವೇಗ, ಪೂರ್ತಿ ವೇಗದ ಸ್ಪ್ರಿಂಟ್‌ಗಳು ಅಡ್ರಿನಲಿನ್ ಹರಿಸುತ್ತವೆ. ಅಡ್ರಿನಲಿನ್ ಯಕೃತ್ತಿನಿಂದ ಸಕ್ಕರೆ ಹೊರಗೆ ಹಾಕಿಸುತ್ತದೆ. ಆರೋಗ್ಯವಂತರಲ್ಲಿ ತಕ್ಷಣ ಇನ್ಸುಲಿನ್ ಏರಿ ಅದನ್ನು ಸರಿದೂಗಿಸುತ್ತದೆ. ಇವಳಲ್ಲಿ ಆ ದಾರಿ ಇಲ್ಲ.

291 ನೋಡಿ ಅವಳು ಚಾರ್ಟ್ ಪ್ರಕಾರ 4 ಯೂನಿಟ್ ಹಾಕಿಕೊಂಡಳು. ಊಟಕ್ಕೆ ಪೂರ್ತಿ ಡೋಸ್, ಹತ್ತಕ್ಕೆ ಪೂರ್ತಿ ಗ್ಲಾರ್ಜಿನ್. ಮಲಗುವಾಗ 132. ಚೆನ್ನಾಗಿದೆ ಅಂತ ಮಲಗಿದಳು. ರಾತ್ರಿ ಎರಡೂವರೆಗೆ ಪಕ್ಕದ ಮಂಚದ ಹುಡುಗಿಗೆ ಏನೋ ಗೊಣಗಾಟ ಕೇಳಿ ಎಚ್ಚರವಾಯಿತು. ಮುಟ್ಟಿ ನೋಡಿದರೆ ಡಿಸೆಂಬರ್‌ನ ಆ ಚಳಿಯಲ್ಲಿ ಮೈಯೆಲ್ಲ ಬೆವರು. ಶುಗರ್ 44. ಕರೆದರೆ ಕಣ್ಣು ಬಿಡುತ್ತಿದ್ದಳು, ನುಂಗುತ್ತಿದ್ದಳು. ಆ ಹುಡುಗಿ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ನೋಡಿ ಮತ್ತೆ ಕುಡಿಸಿದಳು, ಆಮೇಲೆ ಬಿಸ್ಕತ್ ತಿನ್ನಿಸಿದಳು. ಇಷ್ಟನ್ನೂ ಅವಳಿಗೆ ಮೊದಲೇ ಕಲಿಸಿಟ್ಟಿದ್ದೆವು. ಪ್ರಜ್ಞೆ ಪೂರ್ತಿ ಹೋಗಿದ್ದರೆ ಬಾಯಿಗೆ ಏನೂ ಹಾಕದೆ, ಒಂದು ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು.

ಆಗಿದ್ದು ಇಷ್ಟು. ಮ್ಯಾಚ್‌ನಲ್ಲಿ ಸ್ನಾಯುಗಳು ತಮ್ಮ ದಾಸ್ತಾನನ್ನೆಲ್ಲ ಖರ್ಚು ಮಾಡಿದ್ದವು. ಖಾಲಿಯಾದ ಭತ್ತದ ಪತ್ತಾಯ ತುಂಬಿಸುವ ಹಾಗೆ ರಾತ್ರಿಯಿಡೀ ರಕ್ತದಿಂದ ಸಕ್ಕರೆ ಎಳೆದುಕೊಂಡವು. ಆಟದ ನಂತರ ಇನ್ಸುಲಿನ್ ಕೂಡ ಎಂದಿಗಿಂತ ಬಲವಾಗಿ ಕೆಲಸ ಮಾಡುತ್ತದೆ, ಒಂದು ದಿನದವರೆಗೂ. ಮ್ಯಾಚ್ ಮುಗಿದಾಗಿನ 291 ತಾನಾಗಿಯೇ ಅರ್ಧ ಇಳಿಯುವಂಥದ್ದು. ಅದರ ಮೇಲೆ ಪೂರ್ತಿ ಇನ್ಸುಲಿನ್ ಬಿತ್ತು.

ಮರುದಿನ ಮಧ್ಯಾಹ್ನ ಇನ್ನೊಂದು ಮ್ಯಾಚ್ ಇತ್ತು. ಬೆಳಿಗ್ಗೆ ಶುಗರ್ 140, ಮೈಕೈ ಸರಿಯಾಗಿದೆ, ಆಡ್ತೀನಿ ಅಂತ ಫೋನ್ ಮಾಡಿದಳು. ಬೇಡ ಅಂದೆ. ಇಡೀ ಪ್ರಕರಣದಲ್ಲಿ ನಾನು ಆಟ ಬೇಡ ಅಂದಿದ್ದು ಅದೊಂದೇ ದಿನ. ಇನ್ನೊಬ್ಬರ ಸಹಾಯ ಬೇಕಾಗುವಷ್ಟು ಲೋ ಆದ ಮೇಲೆ 24 ಗಂಟೆ ಆಡಬಾರದು. ದೇಹದ ಎಚ್ಚರಿಕೆಯ ಗಂಟೆ ಆಗ ಮಂದವಾಗಿರುತ್ತದೆ. ಮುಂದಿನ ಲೋ ಬೆವರು, ನಡುಕ ಯಾವುದೂ ಇಲ್ಲದೆ ನೇರವಾಗಿ ಬರಬಹುದು. ಅವಳಿಗೆ ತುಂಬಾ ಕೋಪ ಬಂತು. ಫೋನ್ ಇಟ್ಟುಬಿಟ್ಟಳು. ತಂಡ ಆ ಮ್ಯಾಚ್ ಸೋತಿತು, ಆ ನೋವು ಅವಳಿಗೆ ಈಗಲೂ ಇದೆ. ಇಂದು ಕೇಳಿದರೂ ನನ್ನ ಉತ್ತರ ಅದೇ.

ಎರಡು ಪುಟಗಳು

ಆ ವಾರ ಬಂದಾಗ ನೋಟ್‌ಬುಕ್ ಮಧ್ಯೆ ಇಟ್ಟುಕೊಂಡು ಕೂತೆವು. ಪ್ರಾಕ್ಟೀಸ್‌ಗೆ ಒಂದು ಪುಟ, ಮ್ಯಾಚ್‌ಗೆ ಇನ್ನೊಂದು ಪುಟ ಅಂತ ಅವಳೇ ಬೇರೆ ಮಾಡಿದಳು. ಮ್ಯಾಚ್ ಪುಟದಲ್ಲಿ ಹೀಗಿದೆ: ಮೊದಲೇ ಗ್ಲೂಕೋಸ್ ಬೇಡ, ಬರೀ ನೀರು. ಅರ್ಧ ಆಟದಲ್ಲಿ 140ಕ್ಕಿಂತ ಕಡಿಮೆ ಇದ್ದರೆ ಮಾತ್ರ ಬಾಟಲಿ. ಮುಗಿದ ಮೇಲೆ ಕಾಲು ಗಂಟೆ ನಿಧಾನ ಜಾಗಿಂಗ್. ಅದರಿಂದಲೇ ಅವಳ ಶುಗರ್ ನಲವತ್ತು ಐವತ್ತು ಇಳಿಯುತ್ತದೆ, ಇನ್ಸುಲಿನ್ ಇಲ್ಲದೆ. ಒಂದು ಗಂಟೆ ಬಿಟ್ಟು ನೋಡಿ ಇನ್ನೂ 250 ದಾಟಿದ್ದರೆ ಚಾರ್ಟ್‌ನ ಅರ್ಧ ಡೋಸ್. ಊಟದ ಡೋಸ್ ಸ್ವಲ್ಪ ಕಡಿಮೆ, ಗ್ಲಾರ್ಜಿನ್ ಐದನೇ ಒಂದು ಭಾಗ ಕಡಿಮೆ. ಮಲಗುವಾಗ ಇನ್ಸುಲಿನ್ ಇಲ್ಲದೆ ಹಾಲು, ಒಂದು ಚಪಾತಿ. ಎರಡು ಗಂಟೆಗೆ ಅಲಾರ್ಮ್.

ಅರ್ಧ ಆಟದ ವಿರಾಮದಲ್ಲಿ ಒಂದೆರಡು ಯೂನಿಟ್ ಹಾಕಿಕೊಳ್ಳುವ ಆಟಗಾರರೂ ಇದ್ದಾರೆ. ನಾನು ಅದಕ್ಕೆ ಒಪ್ಪಲಿಲ್ಲ. ಮೊದಲ ವರ್ಷದಲ್ಲಿ, ಹನಿಮೂನ್ ಅವಧಿ ನಡೆಯುವಾಗ, ಮೈದಾನದಲ್ಲಿ ಇನ್ಸುಲಿನ್ ಹಾಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ತೋಳಿಗೆ ಅಂಟಿಸುವ ಸೆನ್ಸರ್ ವರ್ಷವಿಡೀ ಹಾಕಿಕೊಳ್ಳುವ ಖರ್ಚು ಈ ಮನೆಗೆ ಭಾರ. ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಎರಡು ವಾರ ಬರುತ್ತದೆ. ಟೂರ್ನಮೆಂಟ್ ವಾರಗಳಿಗೆ ಮಾತ್ರ ಹಾಕಿ, ಉಳಿದ ದಿನ ಗ್ಲುಕೋಮೀಟರ್ ಅಂತ ಮಾಡಿದೆವು. ಓಡುವಾಗ ಸೆನ್ಸರ್ ಅಂಕಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. 90 ಅಂತ ತೋರಿಸಿ ಬಾಣ ಕೆಳಗಿದ್ದರೆ ಕಾಯಬಾರದು, ಕುಡಿಯಬೇಕು. ಇನ್ನೊಂದು ವಿಷಯವನ್ನು ತಂಡದ ಎಲ್ಲರ ಎದುರಿಗೆ ಹೇಳಿದೆ, ನಮ್ಮ ಮದುವೆ, ಹಬ್ಬಗಳ ರೀತಿ ಗೊತ್ತಿರುವುದರಿಂದ. ಮದ್ಯ ಕುಡಿದರೆ ಯಕೃತ್ತು ಸಕ್ಕರೆ ಬಿಡುವುದು ಕಡಿಮೆಯಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮ್ಯಾಚ್ ಆಡಿದ ರಾತ್ರಿ ಕುಡಿದರೆ ಬೆಳಿಗ್ಗೆ ಏಳದೇ ಇರಬಹುದು.

ಕಾಗದದ ಕೆಲಸವೂ ಇತ್ತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿ ಇನ್ಸುಲಿನ್ ಇದೆ. ಎಸ್4 ಗುಂಪಿನಲ್ಲಿ, ಎಲ್ಲ ಕಾಲಕ್ಕೂ ನಿಷೇಧ. ಕಾಯಿಲೆಗೆ ಬೇಕಾದವರು ಚಿಕಿತ್ಸೆಗಾಗಿ ವಿನಾಯಿತಿ ಪಡೆಯಬೇಕು, ಅದನ್ನು ಟಿಯುಇ ಅನ್ನುತ್ತಾರೆ. ರಾಷ್ಟ್ರ ಮಟ್ಟದ ಆಟಗಾರರು ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾಕ್ಕೆ ಅರ್ಜಿ ಹಾಕಬೇಕು, ಸ್ಪರ್ಧೆಗೆ ಕನಿಷ್ಠ 30 ದಿನ ಮೊದಲು. ಈ ವಿಷಯ ಅವಳಿಗೂ ಗೊತ್ತಿರಲಿಲ್ಲ, ಕೋಚ್‌ಗೂ ಗೊತ್ತಿರಲಿಲ್ಲ. ಎಚ್‌ಬಿಎ1ಸಿ, ಆಂಟಿಬಾಡಿ, ಸಿ-ಪೆಪ್ಟೈಡ್ ವರದಿಗಳು, ದಾಖಲಾದಾಗಿನ ಸಾರಾಂಶ, ಈಗಿನ ಡೋಸ್ ಎಲ್ಲ ಸೇರಿಸಿ ಅರ್ಜಿ ತಯಾರು ಮಾಡಿಕೊಟ್ಟೆ. ಕ್ಯಾಂಪ್‌ನ ಕರೆ ಬರುವ ಮೊದಲೇ ಇದನ್ನು ಮಾಡಿಡುವುದು ಒಳ್ಳೆಯದು.

ಈಗಿನ ಸ್ಥಿತಿ: ಏಪ್ರಿಲ್‌ನಲ್ಲಿ ಎಚ್‌ಬಿಎ1ಸಿ 7.1, ತೂಕ 57 ಕಿಲೋ. ಡಿಸೆಂಬರ್ ನಂತರ ಇನ್ನೊಬ್ಬರ ಸಹಾಯ ಬೇಕಾಗುವಂಥ ಲೋ ಆಗಿಲ್ಲ. 60ರ ಆಸುಪಾಸಿಗೆ ಆಗಾಗ ಇಳಿದಿದೆ, ತಾನೇ ನೋಡಿಕೊಂಡಿದ್ದಾಳೆ. ಕುಟುಂಬದ ತಂಡಕ್ಕೆ ಈ ಬೇಸಿಗೆಯಲ್ಲಿ ಆಡಿದಳು. ಬೆಂಚಿನಲ್ಲಿ ಗ್ಲೂಕೋಸ್ ಬಾಟಲಿ ಹಿಡಿದು ಕೂತಿದ್ದು ಅಪ್ಪ, ಅವಳು ಕೇಳುವ ತನಕ ಕೊಡಬಾರದು ಅನ್ನುವ ಕರಾರಿನ ಮೇಲೆ. ಇನ್ಸುಲಿನ್ ನಿಧಾನವಾಗಿ ಮತ್ತೆ 24 ಯೂನಿಟ್‌ಗೆ ಏರಿದೆ, ಹನಿಮೂನ್ ಅವಧಿ ಮುಗಿಯುತ್ತಾ ಬಂದಿರಬೇಕು.

ಇನ್ನೂ ಬಗೆಹರಿಯದ್ದು ಮಳೆಗಾಲ. ಮೈದಾನ ನೀರಾದರೆ ತಂಡ ಜಿಮ್‌ಗೆ ಹೋಗುತ್ತದೆ. ಭಾರ ಎತ್ತುವಾಗ ಶುಗರ್ ಓಟದಷ್ಟು ಬೀಳುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಅಂದರೆ ಮೂರನೇ ಪುಟ ಬೇಕು. ಕರೆಂಟ್ ದಿನಗಟ್ಟಲೆ ಹೋದಾಗ ಇನ್ಸುಲಿನ್ ಏನು ಮಾಡುವುದು ಅಂತ ಅವ್ವ ಕೇಳಿದ್ದಾರೆ. ಬಳಸುತ್ತಿರುವ ಪೆನ್ ಕೋಣೆಯಲ್ಲೇ 28 ದಿನ ಇರಬಹುದು, ಕೊಡಗಿನ ಜುಲೈಗೆ ಅದು ಚಿಂತೆಯೇ ಅಲ್ಲ. ಫ್ರಿಜ್‌ನಲ್ಲಿ ಒಂದು ತಿಂಗಳಿಗೆ ಬೇಕಾಗುವುದಕ್ಕಿಂತ ಹೆಚ್ಚು ದಾಸ್ತಾನು ಇಡಬೇಡಿ ಅಂದಿದ್ದೇನೆ. ಜೂನ್ ಮೊದಲ ವಾರ ಜಿಮ್‌ಗೆ ಮೊದಲು, ಮಧ್ಯೆ, ಆಮೇಲೆ ಮತ್ತು ರಾತ್ರಿ ಎರಡು ಗಂಟೆಗೆ ಶುಗರ್ ನೋಡಿ ಬರೆದುಕೊಂಡು ಬರಲು ಹೇಳಿದ್ದೇನೆ. ಆ ಅಂಕಿಗಳನ್ನು ನೋಡಿದ ಮೇಲೆ ಮಳೆಗಾಲದ ಡೋಸ್ ಬರೆಯುತ್ತೇವೆ.